ರಾಗಿಯೂ ಉಸಿರಾಡುತ್ತೆ

...ಬೇಡ, ಬೇಡ, ಬೇಡ! ಮಾಸ್ಕ್ ಮುಟ್ಬೇಡ ಸಹನ. ಕೈ ಕೆಳಗಿಡು. ಎದೇಲಿ ಇನ್ನೂ ಕಫ ಇದೆ, ಮಾತಾಡ್ಬಾರ್ದು ಅಂತ ಡಾಕ್ಟ್ರು ಹೇಳಿದಾರಲ್ಲ! ನೀನು ತಲೆ ಆಡ್ಸು, ಬೆರಳು ತೋರ್ಸು, ಸಾಕು. ಇಷ್ಟು ವರ್ಷ ಹೈಸ್ಕೂಲಲ್ಲಿ ಪಾಠ ಮಾಡಿದೀನಿ, ಬಾಯೇ ಬಿಡದ ಮಕ್ಕಳ ಜೊತೆ ಮಾತಾಡಿ ಅಭ್ಯಾಸ ಇದೆ ಈ ಅಂಬಿಕ ಮಿಸ್‌ಗೆ... ಹಾಂ, ನಕ್ಕೆ! ಮಾಸ್ಕ್ ಒಳಗೆ ಹಬೆ ಬಂತು, ಕಾಣ್ತು ನಂಗೆ.

ಅಮ್ಮ? ಅಮ್ಮ ಕೋಲಾರದಲ್ಲಿ. ನಿನ್ನೇನೂ ಹೇಳಿದ್ನಲ್ಲ. ದೊಡ್ಡಾಸ್ಪತ್ರೆ ಮಾ ಅದು, ನಿಮ್ಮಣ್ಣನ ಹತ್ರ ಯಾರಾದ್ರೂ ಒಬ್ರು ಇರ್ಲೇಬೇಕಲ್ಲ. ಅದಕ್ಕೇ ಸಂಜೆ ಹೊತ್ತು ನಾನು ಬರೋದು, ಮಾರಿಕುಪ್ಪಂ ರೈಲಿನ ತನಕ ಇಲ್ಲಿ ಕೂತಿದ್ರೆ ನಂಗೂ ಬೇಜಾರು ಕಳೀತು... ಹೂಂ, ಬೈರೇಶ ಚೆನ್ನಾಗಿದಾನೆ. ಚೆನ್ನಾಗೇ ಇದಾನೆ. ಊಟ? ಊಟ... ಇನ್ನೂ ಕೊಡ್ತಿಲ್ವಂತೆ. ನಿಧಾನಕ್ಕೆ ಕೊಡ್ತಾರೆ.

ಯಾಕೆ ಹಂಗೆ ನೋಡ್ತೀಯ? ಬಾ, ಪುಸ್ತಕ ತಂದಿದೀನಿ. ಪರೀಕ್ಷೆ ನಿನ್ನ ಕಾಯ್ಕೊಂಡು ಕೂರಲ್ಲ. ಜೀವಕ್ರಿಯೆಗಳು. ಮೊದಲು ದ್ಯುತಿಸಂಶ್ಲೇಷಣೆ... ಮುಖ ಸಿಂಡರಿಸ್ಬೇಡ, ಹೆಸರು ಮಾತ್ರ ಕಷ್ಟ. ಕಿಟಕಿ ಆಚೆ ನೋಡು, ಹೊಂಗೆ ಮರ. ಚಿಗುರಿದೆ ನೋಡು, ಎಷ್ಟು ಹಸಿರು! ಒಂದೊಂದು ಎಲೆನೂ ಒಂದೊಂದು ಅಡುಗೆಮನೆ. ನೀರು ಬೇರಿಂದ ಬಂತು. ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಬಂತು, ಎಲೆಯ ಸಣ್ಣ ಸಣ್ಣ ಬಾಯಿಂದ... ಏನು ಅದರ ಹೆಸರು? ಹಾಂ, ಬೆರಳಿಟ್ಟೆ, ಜಾಣೆ, ಪತ್ರರಂಧ್ರ. ಬೆಂಕಿ ಯಾವುದು? ಬಿಸಿಲು. ಆ ಬಿಸಿಲನ್ನ ಹಿಡಿದಿಡೋದು ಪತ್ರಹರಿತ್ತು. ಬೆಂದು ಬಂದದ್ದು ಗ್ಲೂಕೋಸ್. ಹೊಗೆ ಹಂಗೆ ಆಚೆ ಬಿಡೋದು ಆಕ್ಸಿಜನ್.

ಬೈರೇಶನ ಕ್ಲಾಸಲ್ಲೂ ಹಿಂಗೇ ಹೇಳಿದ್ದೆ ನಾನು. ಹಿಂದಿನ ಬೆಂಚಿಂದ ಎದ್ದು ನಿಂತ. "ಅಂಗಾದ್ರೆ ಮಿಸ್, ನಾವೆಲ್ಲಾ ಮರದ ಒಗೆ ಕುಡ್ಕೊಂಡ್ ಬದುಕಿರೋದಾ?" ಅಂತ! ಇಡೀ ಕ್ಲಾಸು ಬಿದ್ದು ಬಿದ್ದು ನಕ್ತು. ನಾನು ಬೈದೆ, ಬೈದು ಆ ಕಡೆ ತಿರುಗಿ ನಾನೂ ನಕ್ಕೆ. ಎಂಥಾ ಹುಡುಗ ಆಗಿದ್ದ ಅವನು...

ಅಂದ್ರೆ... ಆಗ. ಸ್ಕೂಲಲ್ಲಿದ್ದಾಗ. ಈಗೇನು, ದೊಡ್ಡೋನಾಗಿ ಇಟ್ಟಿಗೆ ಫ್ಯಾಕ್ಟ್ರಿಗೆ ಹೋಗ್ತಾನಲ್ಲ, ಅದಕ್ಕಂದೆ.

ಏಯ್, ಯಾಕೆ ಹಾಳೆ ತಿರುಗಿಸ್ತೀಯ? ಇನ್ನೂ ಸಮೀಕರಣ ಬರೆದಿಲ್ಲ ನಾವು. ಏನು ಬೇಕು? ಉಸಿರಾಟಾನಾ? ಅದು ನಾಳೆ. ಇಲ್ಲ, ನಾಳೆ ಮಾಡೋಣ ಅಂದ್ನಲ್ಲ... ಕೈ ಬಿಡು ಮಾ, ಸೂಜಿ ಕಿತ್ಕೊಳ್ಳುತ್ತೆ! ಬಿಡು... ಸರಿ, ಸರಿ. ಹಟಮಾರಿ. ಮಾಡ್ತೀನಿ. ಮೊದಲು ಒರಗ್ಕೋ.

ಅಡುಗೆ ಮಾಡಿದ್ಮೇಲೆ ಉಣ್ಬೇಕಲ್ವಾ? ಆ ಉಣ್ಣೋ ಕೆಲಸಾನೇ ಉಸಿರಾಟ ಅನ್ಕೋ. ಮೂಗಲ್ಲಿ ಎಳ್ಕೊಂಡು ಬಿಡೋದಷ್ಟೇ ಅಲ್ಲ. ಮೈಯಲ್ಲಿರೋ ಒಂದೊಂದು ಕೋಶದ ಒಳಗೂ ಗ್ಲೂಕೋಸ್ ಒಡೆದು, ಆಕ್ಸಿಜನ್ ಜೊತೆ ಸೇರಿ, ಶಕ್ತಿ ಬರುತ್ತೆ. ಕಾರ್ಬನ್ ಡೈಆಕ್ಸೈಡ್ ಆಚೆ ಹೋಗುತ್ತೆ. ಹಗಲೂ ನಡೆಯುತ್ತೆ, ರಾತ್ರೀನೂ ನಡೆಯುತ್ತೆ. ನಿಂಗೂ ಅಷ್ಟೇ, ನಂಗೂ ಅಷ್ಟೇ, ಆ ಹೊಂಗೆ ಮರಕ್ಕೂ ಅಷ್ಟೇ. ಬದುಕಿರೋದೆಲ್ಲ...

ಏನು ತೋರಿಸ್ತಿದೀಯ? ಬೀಜ?

ಹೂಂ. ಬೀಜಾನೂ.

ರಾಗೀನೂ ಮಾ. ಸತ್ತಂಗೆ ಕಾಣುತ್ತೆ, ಸತ್ತಿರಲ್ಲ. ಮೆಲ್ಲಗೆ, ತುಂಬಾ ಮೆಲ್ಲಗೆ ಉಸಿರಾಡ್ತಾ ಇರುತ್ತೆ. ನಂಗೆ ಹಗೇವು ಅಂದ್ರೇನು ಅಂತಾನೇ ಗೊತ್ತಿರ್ಲಿಲ್ಲ, ನೀನೇ ಅಲ್ವಾ ಒಂದು ದಿನ ಕ್ಲಾಸಲ್ಲಿ ಹೇಳಿದ್ದು? ಅಂಗಳದಲ್ಲಿ ಎರಡಾಳುದ್ದ ಗುಂಡಿ ಮಿಸ್, ಹೊಟ್ಟೆ ದಪ್ಪ, ಬಾಯಿ ಕಿರಿದು, ರಾಗಿ ತುಂಬಿ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಮೆತ್ತುತಾರೆ ಅಂತ. ನಾನು ಊರಿಗಾಂ ಗಣಿ ಲೈನ್‌ಮನೇಲಿ ಬೆಳೆದೋಳು. ನಮ್ಮ ಕಡೆ ನೆಲ ತೋಡಿ ಚಿನ್ನ ಹುಡುಕ್ತಿದ್ರು, ನಿಮ್ಮೂರಲ್ಲಿ ತೋಡಿದ್ರೆ ರಾಗಿ ಸಿಗುತ್ತೆ ಅಂತ ನಗಾಡಿದ್ದೆ.

ಆ ಮುಚ್ಚಿದ ಗುಂಡೀಲಿ ಇದ್ದಬದ್ದ ಆಕ್ಸಿಜನ್ನೆಲ್ಲ ರಾಗಿ ತಿಂದ್ಕೊಂಡಿರುತ್ತೆ ಸಹನ. ಕಾರ್ಬನ್ ಡೈಆಕ್ಸೈಡ್ ತುಂಬ್ಕೊಂಡಿರುತ್ತೆ. ಅದು ಭಾರ. ಚಪ್ಪಡಿ ತೆಗೆದ ತಕ್ಷಣ ಎದ್ದು ಹೋಗಲ್ಲ, ತಳದಲ್ಲೇ ಕೂತಿರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಒಂದಿನ ಬಾಯಿ ತೆಗೆದಿಟ್ಟು ಆಮೇಲೆ ಇಳೀಬೇಕಿತ್ತು. ತಾತನ ತಿಥಿಗೆ ಹಿಟ್ಟು ಬೇಕು, ಮಿಲ್ಲು ಮುಚ್ಚಿಬಿಡುತ್ತೆ ಅಂತ ಎಲ್ರಿಗೂ ಅವಸರ. ಸಣ್ಣಗಿದೀನಿ, ಬಾಯಲ್ಲಿ ಹಿಡಿಸ್ತೀನಿ ಅಂತ ನೀನು ಇಳ್ದೆ...

ಇಲ್ಲ. ಇಲ್ಲ, ಅಳ್ಬೇಡ. ನಿನ್ನ ತಪ್ಪು ಅಂತ ಯಾರಂದ್ರು? ಯಾರೂ ಅನ್ನಲ್ಲ. ನೀನು ಕುಸಿದಿದ್ದು ನೋಡಿ ಬೈರೇಶ ಹೆಂಗೋ ನುಸುಳಿ ಇಳ್ದ. ನಿನ್ನನ್ನ ಮೇಲಕ್ಕೆ ಕಳಿಸ್ದ. ಆಮೇಲೆ ಅವನ್ನೂ ಎತ್ತಿದ್ರು. ಅಷ್ಟೇ ನಡೆದಿದ್ದು. ಮುಗೀತು ಪಾಠ. ಈಗ ಮಲ್ಕೋ.

ಮತ್ತೇನು? ಈ ಚಿತ್ರಾನಾ? ಓದ್ಬೇಕಾ? "ಆಕ್ಸಿಜನ್ ಕೊರತೆಯಲ್ಲಿ, ನಮ್ಮ ಸ್ನಾಯು ಕೋಶಗಳಲ್ಲಿ... ಲ್ಯಾಕ್ಟಿಕ್ ಆಮ್ಲ ಮತ್ತು ಶಕ್ತಿ." ಹೂಂ, ಅಂದ್ರೆ, ಜೋರಾಗಿ ಓಡಿದ್ರೆ ಮೀನಖಂಡ ಹಿಡ್ಕೊಳ್ಳಲ್ವಾ? ಆಗ ಸ್ನಾಯುಗೆ ಆಕ್ಸಿಜನ್ ಸಾಲಲ್ಲ, ಆದ್ರೂ ಸ್ವಲ್ಪ ಹೊತ್ತು ಹೆಂಗೋ ತಳ್ಳುತ್ತೆ. ಆಕ್ಸಿಜನ್ ಇಲ್ದೇನೂ...

ಯಾಕೆ ಕಣ್ಣು ಹಂಗೆ ಅರಳ್ತು ನಿಂಗೆ?

ಓ. ಬೈರೇಶ... ಅಣ್ಣನೂ ಹಂಗೇ ತಳ್ಳಿರ್ತಾನೆ ಅಂತಾನಾ?

...ಹೂಂ ಮಾ. ಗಟ್ಟಿ ಮೈ ಅವನ್ದು. ಇಟ್ಟಿಗೆ ಹೊತ್ತ ಮೈ. ಹೂಂ. ಇಷ್ಟಕ್ಕೆ ಸಾಕು, ಪುಸ್ತಕ ಕೊಡು. ಕೊಡು ಅಂದೆ.

ಹಣೆ ಯಾಕೆ ಮುಟ್ಕೊಳ್ತೀಯ? ತಲೆ ನೋವಾ? ಸಿಸ್ಟರ್‌ನ ಕರೀಲಾ? ಅಲ್ವಾ... ಮತ್ತೆ? ಮತ್ತೆ ಮತ್ತೆ ಹಣೆ... ಹಣೆ ಒಳಗೆ... 

ಮಿದುಳು.

ಅಯ್ಯೋ ಮಗೂ. ಪರೀಕ್ಷೇಲಿ ಅದನ್ನ ಕೇಳಲ್ಲ. ಪುಸ್ತಕದಲ್ಲೇ ಇಲ್ಲ ಅದು, ಬೇಕಾದ್ರೆ ನೋಡು, ಇದೆಯಾ? ಇಲ್ಲ. ಬಿಟ್ಬಿಡು.

ಬಿಡಲ್ಲ ನೀನು.

ಮಿದುಳಿಗೆ... ಆ ದಾರಿ ಇಲ್ಲ ಸಹನ. ಸ್ನಾಯು ತಳ್ಳಿದಂಗೆ ಅದಕ್ಕೆ ತಳ್ಳೋಕೆ ಬರಲ್ಲ. ಆಕ್ಸಿಜನ್ ನಿಂತ್ರೆ ಕೆಲವೇ ನಿಮಿಷ. ಪಾಠದಲ್ಲಿ ಸುಳ್ಳು ಹೇಳೋಕೆ ನಂಗೆ ಬರಲ್ಲ ಮಾ, ಏನು ಮಾಡ್ಲಿ? ಆದ್ರೆ ಅವನ್ನ ಬೇಗ ಎತ್ತಿದ್ರು! ಬೇಗಾನೇ. ಊರೋರು ಯಾರೂ ಇಳಿಯೋಕೆ ಆಗ್ಲಿಲ್ಲ ನಿಜ, ಆದ್ರೆ ಬಂಗಾರಪೇಟೆಯಿಂದ ಫೈರ್ ಇಂಜಿನ್ನು ಬಂದ ತಕ್ಷಣ...

...

ಸಹನ?

ಸ್ಕೂಲಿಗೆ ಅಂತ ದಿನಾ ಅದೇ ದಾರೀಲಿ ಬಸ್ಸಲ್ಲಿ ಬರೋಳಲ್ವಾ ನೀನು. ಎಷ್ಟು ಹೊತ್ತಾಗುತ್ತೆ ಅಂತ ನಿಂಗೆ ಗೊತ್ತಲ್ವಾ.

ಏನಾದ್ರೂ ಕೇಳು. ಬೆರಳು ತೋರ್ಸು. ಹಾಳೆ ತಿರುಗ್ಸು, ಇನ್ನೂ ಬೇಕಾದಷ್ಟು ಪಾಠ ಇದೆ... ಅಳಾದ್ರೂ ಅಳೇ! ಹಿಂಗೆ ಸುಮ್ನೆ ನೋಡ್ಬೇಡ ನನ್ನ. ನನ್ನ ಕೈಲಿ ಆಗಲ್ಲ. ಅವಳ ಎದೆ ಸರಿ ಹೋಗೋವರೆಗೂ ಹೇಳ್ಬೇಡಿ ಮಿಸ್, ನಿಮ್ಮ ಮಾತು ನಂಬ್ತಾಳೆ ಅಂತ ನಿಮ್ಮಮ್ಮ ನನ್ನ ಕಾಲು ಮುಟ್ಟೋಕೆ ಬಂದ್ರು...

ಹೌದು.

ಅವತ್ತೇ. ಅಲ್ಲೇ.

ಕೋಲಾರಕ್ಕೆ ಕರ್ಕೊಂಡು ಹೋಗ್ಲೇ ಇಲ್ಲ ಸಹನ. ಇವತ್ತು ಬೆಳಿಗ್ಗೆ ಹಾಲು-ತುಪ್ಪ ಬಿಟ್ರು. ನಾನೂ ಹೋಗಿದ್ದೆ, ಅಲ್ಲಿಂದಾನೇ ಬಂದೆ. ಒಂದೇ ಹಗ್ಗ ಇತ್ತಂತೆ. ಅವನು ಅದನ್ನ ನಿನ್ನ ಸೊಂಟಕ್ಕೆ ಕಟ್ಟಿ "ಎಳೀರಲಾ" ಅಂತ ಕೂಗಿದ್ದು ಕೇಳಿಸ್ತಂತೆ. ನಿನ್ನ ಬಿಚ್ಚಿ ಹಗ್ಗ ವಾಪಸ್ ಬಿಡೋ ಹೊತ್ತಿಗೆ... ಹಿಡ್ಕೊಳ್ಲಿಲ್ಲ ಅವನು.

ಬೇಡ, ಮಾಸ್ಕ್ ಕೀಳ್ಬೇಡ! ಕೈ ಕೊಡಿಲ್ಲಿ. ಕೊಡು. ಎಳ್ಕೋ... ಬಿಡು. ಇನ್ನೊಂದ್ಸಲ ಎಳ್ಕೋ. ಹಂಗೇ... ಹಂಗೇ ಕಂದ.

ನಿಮ್ಮಮ್ಮ ಎಲ್ಲೂ ಹೋಗಿಲ್ಲ. ಇಲ್ಲೇ, ಕೆಳಗೆ, ಮೆಟ್ಟಿಲ ಹತ್ರ ಗೋಡೆಗೆ ಒರಗಿ ಕೂತಿದಾರೆ. ನಿನ್ನೇನೂ ಬಂದು ಅಲ್ಲೇ ಕೂತಿದ್ರು. ಮೇಲೆ ಬರೋಕೆ ಕಾಲು ಬರ್ತಿಲ್ಲ ಅವರಿಗೆ, ನಿನ್ನ ಮುಖ ನೋಡಿದ್ರೆ ಬಾಯಿ ಬಿಟ್ಬಿಡ್ತೀನಿ ಅಂತ ಭಯ.

ಕರೀಲಾ?

ತಲೆ ಆಡ್ಸು ಮಾ, ಅಷ್ಟು ಸಾಕು... ಕರೀಲಾ ಅಮ್ಮನ್ನ?