ಕೆಮ್ಮಿನ ಜೇನುತುಪ್ಪ

ರೂಸೆ ಪಟ್ಟಣದ ಟ್ರಾಲಿ ಬಸ್ಸಿನಲ್ಲಿ ಹಿಂದಿನ ಸೀಟಿನ ಅಪರಿಚಿತರ ಮಾತು ಕಿವಿಗೆ ಬೀಳುತ್ತಲೇ ಪ್ರಯಾಣಿಕಳಾಗಿದ್ದ ವೆನೆಲೀನಾ ಹೆಣಿಗೆಯನ್ನು ಮಡಿಲಿಗೆ ಇಳಿಸಿದಳು. ಅಪ್ಪ-ಮಗಳಿಬ್ಬರೂ ಸೂರ್ಯಕಾಂತಿ ಎಣ್ಣೆಯ ದೊಡ್ಡ ಕಂಪನಿಯವರು ಎಂದು ಮಾತಿನಿಂದಲೇ ತಿಳಿಯಿತು. ಅಪ್ಪ ಗೇಟಿನಲ್ಲಿ ಲಾರಿ ತೂಗುವವನು. ಮಗಳು ಅಂದು ನೌಕರರ ನಡುವೆ ಅವನನ್ನೂ ಕೂರಿಸಿಕೊಂಡು ಲಂಚ ತಡೆಯುವ ಪಾಠ ಹೇಳಿದವಳು.

"'ಉಡುಗೊರೆ ಎಷ್ಟೇ ಚಿಕ್ಕದಿರಲಿ, ದಯವಿಟ್ಟು ತಿಳಿಸಿ,'" ಅಪ್ಪ ಅವಳದೇ ದನಿ ತೆಗೆದ. "ನನ್ನ ಕಡೇನೇ ನೋಡ್ಕೊಂಡು ಹೇಳಿದ್ಯಲ್ಲೇ, ನೆವೇನಾ!"

"ಗೊರಕೆ ಬಂದ ಕಡೆ ನೋಡ್ದೆ, ಅಪ್ಪ."

"ಬೀಜ ತರೋ ಲಾರಿ ಡ್ರೈವರ್ ಗೆಂಚೋ ವರ್ಷಕ್ಕೊಂದು ಬಾಟ್ಲಿ ಜೇನುತುಪ್ಪ ಕೊಡ್ತಾನೆ."

"ಗೊತ್ತು."

"ಅವನ ತೂಕದಲ್ಲಿ ಒಂದು ಕೇಜೀನೂ ಆಚೀಚೆ ಮಾಡಿಲ್ಲ ಕಣೇ."

"ಅದೂ ಗೊತ್ತು. ತಪಾಸಣೆಯವರಿಗೆ ಗೊತ್ತಿಲ್ವಲ್ಲ! ಅವರೇ ಕಂಡುಹಿಡಿದ್ರೆ ನಿನ್ನ ಕೆಲಸ ಹೋಗುತ್ತೆ. ಶುಕ್ರವಾರದೊಳಗೆ ನೀನಾಗೇ ಬರೆದುಕೊಟ್ರೆ ಉಳಿಯುತ್ತೆ."

"ಚಿಕ್ಕವಳಿದ್ದಾಗ ನಿನ್ನ ಕೆಮ್ಮಿಗೆ ನೆಕ್ಕಿಸಿದ್ದೂ ಅದೇ ಜೇನು. ಅದನ್ನೂ ಬರೀಬೇಕಾ?"



"ಬರಿ. ನೆಕ್ಕಿದವಳ ಹೆಸರು ಸಮೇತ."

"ನಂಗೆ ಅರ್ಜಿ-ಗಿರ್ಜಿ ಅಂದ್ರೆ ಎಲ್ಲಿ ಏನು ಬರೀಬೇಕೋ ತಿಳಿಯಲ್ಲ. ಪಕ್ಕದಲ್ಲಿ ಕೂತ್ಕೋತೀಯಾ?"

"ಮಗಳು ಕೂರೋ ಹಾಗಿಲ್ಲಪ್ಪ. ಬೇರೆಯವರು ಕೂರ್ತಾರೆ. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಇರ್ತೀನಿ."

"ಇದ್ದೀಯ ಅಂತ ನಂಗೆ ಹೇಗೆ ಗೊತ್ತಾಗಬೇಕು?"

"ಕೆಮ್ತೀನಿ."

ನಿಲ್ದಾಣ ಬಂತು. ಅಪ್ಪ ಮುಂದೆ, ಮಗಳು ಹಿಂದೆ. ಮೆಟ್ಟಿಲ ಬಳಿ ಅವಳು ಸಣ್ಣಗೆ ಕೆಮ್ಮಿದಳು. ಅವನು ತಿರುಗಿ ನೋಡದೆಯೇ ಕೈಯನ್ನು ಹಿಂದಕ್ಕೆ ಚಾಚಿದ. ಅವಳು ಹಿಡಿದುಕೊಂಡು ಇಳಿದಳು.