ಕಡೆಯ ಪಂಕ್ತಿಯ ಊಟ

ಶ್ರೀಮಂತನೊಬ್ಬ ಒಂದು ಸಣ್ಣ ಊರಿಗೆ ಬಂದು ಮನೆ ಕೊಂಡ. ಯಾವ ಊರು ಎಂದು ಕೇಳಬೇಡಿ. ಇದು ದೃಷ್ಟಾಂತ, ವರದಿಯಲ್ಲ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಎಣ್ಣೆ ಗಿರಣಿಯನ್ನು ಮಾರಿ, ನಾಲ್ಕು ಜನರ ನಡುವೆ ಇರೋಣ ಎಂದು ಬಂದಿದ್ದ. ಅವನಿಗೆ ಬೇಕಾಗಿದ್ದದ್ದು ಅಷ್ಟೇ, ನಾಲ್ಕು ಜನ.

ನೋಡಿ, ಕಥೆಯಲ್ಲಿ ಶ್ರೀಮಂತ ಬಂದನೆಂದರೆ ಅವನು ಜಿಪುಣನೋ ಅಹಂಕಾರಿಯೋ ಆಗಿರಬೇಕು ಎಂದು ನೀವು ಕಾಯುತ್ತೀರಿ. ಈತ ಎರಡೂ ಅಲ್ಲ. ಓಣಿಯ ಬೋರ್‌ವೆಲ್ ಮೋಟರ್ ಸುಟ್ಟಾಗ ಹೊಸದು ಹಾಕಿಸಿದ. ಯಾರಿಗೆ ಹುಷಾರಿಲ್ಲದಿದ್ದರೂ ತನ್ನ ಕಾರು ಕಳಿಸಿದ. ಪಕ್ಕದ ಮನೆಯ ಬಂಗಾರೆವ್ವ ಹಬ್ಬಕ್ಕೆ ಹೋಳಿಗೆ ಕೊಟ್ಟರೆ, ಅದೇ ಸಂಜೆ ಅವಳ ಮನೆಗೆ ಪೇಢೆಯ ಡಬ್ಬಿ ಹೋಗುತ್ತಿತ್ತು.

ಊರವರೂ ಕೃತಘ್ನರಲ್ಲ. ಯಾರ ಮನೆಯ ಮದುವೆಯಾದರೂ ಅವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ, ಹೆಗಲಿಗೊಂದು ಶಾಲು, ಮೊದಲ ಪಂಕ್ತಿಯಲ್ಲಿ ಎಲೆ. "ಬರ್ರಿ ಸಾವಕಾರ್ರ. ಉಣ್ರಿ ಸಾವಕಾರ್ರ. ಹೋಗಿ ಬರ್ರಿ ಸಾವಕಾರ್ರ." ಮರ್ಯಾದೆಗೆ ಏನು ಕಡಿಮೆ? ಏನೂ ಕಡಿಮೆಯಿಲ್ಲ.

ಹೀಗಿರುವಾಗ ಬಂಗಾರೆವ್ವನ ಮಗಳ ಮದುವೆ ಬಂತು. ಮನೆಯ ಮುಂದೆಯೇ ಹಂದರ. ಊಟ ಮುಗಿಸಿ ಮನೆಗೆ ಬಂದವನಿಗೆ, ಹೊದಿಸಿದ್ದ ಶಾಲನ್ನು ಅಲ್ಲೇ ಬಿಟ್ಟು ಬಂದದ್ದು ಇಳಿಹೊತ್ತಿಗೆ ನೆನಪಾಯಿತು. ತರಲು ಹೋದವನು ಹಂದರದ ಬಾಗಿಲಲ್ಲೇ ನಿಂತುಬಿಟ್ಟ.

ಕಡೆಯ ಪಂಕ್ತಿ ಕೂತಿತ್ತು. ನಮ್ಮ ಕಡೆ ಕಡೆಯ ಪಂಕ್ತಿ ಯಾರದು? ಹೇಳಿ. ಮನೆಯವರದು. ಬೆಳಗಿನಿಂದ ನೀರು ಹೊತ್ತವರದು, ಬಡಿಸಿ ಬಡಿಸಿ ಸೊಂಟ ಹಿಡಿದವರದು.

"ಪಲ್ಯ ತೀರೇತಿ. ಉಪ್ಪಿನಕಾಯಿ ಹಚ್ಚಿಕೊಂಡು ಉಣ್ರಿ," ಅನ್ನುತ್ತಿದ್ದಳು ಬಂಗಾರೆವ್ವ.

"ಮೊದಲನೇ ಪಂಕ್ತಿಗೆ ಗೌಡಕಿ ಮಾಡಿ ಸುರುವಿದಿ, ನಮಗ ಉಪ್ಪಿನಕಾಯಿ!" ಅಂದ ಇಸ್ತ್ರಿ ಅಂಗಡಿಯ ಚನ್ನವೀರ. ಅವನೇನು ಅವಳ ಒಡಹುಟ್ಟಿದವನಲ್ಲ. ಎದುರು ಮನೆಯವನು, ಅಷ್ಟೇ.

"ಬಾಯಿ ಮುಚ್ಚಿಕೊಂಡು ತಿನ್ನು. ಎಲಿ ಕೆಳಗ ಹೋಳಿಗಿ ಮುಚ್ಚಿಟ್ಟೀಯಲ್ಲ, ನಾ ನೋಡಿಲ್ಲೇನು?"

ಪಂಕ್ತಿಯೆಲ್ಲ ಗೊಳ್ಳೆಂದು ನಕ್ಕಿತು. ಶ್ರೀಮಂತನಿಗೂ ನಗು ಬಂತು. ಆ ದನಿ ಕೇಳಿ ಎಲ್ಲರೂ ತಿರುಗಿದರು, ಕೂಡಲೇ ನಗು ನಿಂತಿತು. ಚನ್ನವೀರ ಅರ್ಧ ಊಟಕ್ಕೆ ಎದ್ದು, ಎಡಗೈಯಿಂದ ಕುರ್ಚಿ ಎಳೆದು ಹಾಕಿದ. "ಕೂಡ್ರಿ ಸಾವಕಾರ್ರ."

ಬೈಗುಳವಲ್ಲ, ಅವಮಾನವಲ್ಲ, ಬರೀ ಕುರ್ಚಿ. ಅದೇ ಅವನ ಎದೆಗೆ ಚುಚ್ಚಿತು.

ಮರುದಿನ ಬೆಳಿಗ್ಗೆ ಬಂಗಾರೆವ್ವನ ಮನೆಗೆ ಹೋಗಿ ಹೇಳಿದ: "ಮನಿ ಮಾರಿ ಹೋಗ್ತೀನವ್ವ."

"ಯಾಕ್ರೀ? ಯಾರರ ಏನರ ಅಂದ್ರೇನು?"

"ಯಾರೂ ಏನೂ ಅಂದಿಲ್ಲ. ಅದ ನನ್ನ ಸಂಕಟ. ಚನ್ನವೀರಗ ಅಷ್ಟು ಬೈದಿ. ನಾ ಬಂದು ಎರಡು ವರ್ಷಾತು, ನನಗ ಒಂದು ಮಾತರ ಬೈದೀಯೇನು?"

ಬಂಗಾರೆವ್ವ ನಗಲಿಲ್ಲ. "ಬೈಯಾಕ ಸಲಿಗಿ ಬೇಕಲ್ರೀ. ನೀವು ಎಂದರ ನಮ್ಮ ಮನೀಗೆ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಾಕ ಬಂದೀರೇನು? ಚನ್ನವೀರ ದಿನಾ ಬರ್ತಾನ. ಸಕ್ಕರಿ ಅಂತಾನ, ಚಾಪುಡಿ ಅಂತಾನ, ತಲಿ ತಿಂತಾನ. ನಿಮಗ ನಾಕು ಹೋಳಿಗಿ ಕೊಟ್ರ ಹೊತ್ತು ಮುಳುಗೂದ್ರಾಗ ಪೇಢೆ ಕಳಿಸಿ ಕೈ ತೊಳಕೋತೀರಿ. ಏನೂ ಬ್ಯಾಡ ಅನ್ನಾವ್ರಿಗೆ ಕುರ್ಚಿ ಬಿಟ್ಟು ಏನು ಕೊಡೂಣ್ರಿ?"

ಅವನು ಮನೆಗೆ ಬಂದ. ಸಂಜೆ ಹಾಲು ಕಾಸಿದ. ಅವನ ಫ್ರಿಜ್ಜಿನಲ್ಲಿ ಮೊಸರಿತ್ತು, ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೂ ಒಂದು ಬಟ್ಟಲು ಹಿಡಿದು ಹೊರಟ. ಮೋಟರಿಗೆ ಹಣ ಎಣಿಸುವಾಗ ಹಿಂದೆಮುಂದೆ ನೋಡದವನು, ಖಾಲಿ ಬಟ್ಟಲು ಹಿಡಿದು ಅವಳ ಬಾಗಿಲ ತನಕ ಹೋಗಿ ಎರಡು ಸಲ ತಿರುಗಿ ಬಂದ. ಕೇಳುವುದು ಎಷ್ಟು ಕಷ್ಟ ನೋಡಿ!

"ಹೆಪ್ಪಿಗೆ ಒಂಚೂರು ಮೊಸರು ಬೇಕಿತ್ತವ್ವ."

ಬಂಗಾರೆವ್ವ ಬಟ್ಟಲನ್ನು ನೋಡಿದಳು, ಅವನ ಮುಖವನ್ನು ನೋಡಿದಳು. "ಏನು ಕಾಕಾ, ಇಷ್ಟು ದೊಡ್ಡ ಬಟ್ಟಲಾ? ಹೆಪ್ಪಿಗೆ ಬಂದೀರೋ, ಉಣ್ಣಾಕ ಬಂದೀರೋ?"

ಅವನು ಮನೆ ಮಾರಲಿಲ್ಲ. ಚನ್ನವೀರನ ಮಗಳ ನಾಮಕರಣದಲ್ಲಿ ಶ್ರೀಮಂತನ ಕೈಗೆ ಸಾರಿನ ಬಕೆಟ್ಟು ಬಂತು. ಅವಸರದಲ್ಲಿ ಬೀಗರ ಹೋಳಿಗೆಯ ಮೇಲೆ ಸಾರು ಹೊಯ್ದ. "ಕಣ್ಣು ಎಲ್ಲಿಟ್ಟೀ ಕಾಕಾ?" ಎಂದು ಚನ್ನವೀರ ಎಲ್ಲರೆದುರು ಗದರಿದ. ಅಂದು ಅವನು ಉಂಡದ್ದು ಕಡೆಯ ಪಂಕ್ತಿಯಲ್ಲಿ, ತಳ ಹಿಡಿದ ಅನ್ನ. ಎರಡು ಸಲ ಹಾಕಿಸಿಕೊಂಡ.

ಈಗ ನಿಮ್ಮ ಕಡೆ ತಿರುಗುತ್ತೇನೆ. ಈ ಸಭೆಯಲ್ಲಿ ಕೊಡುವವರು ಬಹಳ ಜನ ಇದ್ದೀರಿ. ಒಳ್ಳೆಯದು. ಕೇಳುವವರು ಎಷ್ಟು ಜನ? "ನಾನು ಯಾರ ಹಂಗಿನಲ್ಲೂ ಇಲ್ಲ" ಎಂದು ಎದೆಯುಬ್ಬಿಸಿ ಹೇಳುತ್ತೀರಿ. ಸರಿ, ಹಾಗಾದರೆ ನಿಮ್ಮ ಮೇಲೆ ಸಿಟ್ಟು ಮಾಡುವ ಹಕ್ಕು ಯಾರಿಗಿದೆ? ಊಟಕ್ಕೆ ಬರಲಿಲ್ಲವೇಕೆ ಎಂದು ಹುಡುಕಿಕೊಂಡು ಬರುವವರು ಯಾರು?

ಉಳಿದವರೂ ಪಾರಾದೆವು ಎಂದುಕೊಳ್ಳಬೇಡಿ. ಆ ಓಣಿಯವರದೂ ತಪ್ಪಿತ್ತು. ಒಬ್ಬನೇ ಉಣ್ಣುತ್ತಿದ್ದ ಮನುಷ್ಯನನ್ನು ಗೌರವದ ಹೆಸರಿನಲ್ಲಿ ದೂರ ಕೂರಿಸಿದ್ದರು. ನಿಮ್ಮ ಓಣಿಯಲ್ಲೂ ವರ್ಗವಾಗಿ ಬಂದ ಮಾಸ್ತರು ಇದ್ದಾರೆ, ಬಾಡಿಗೆಗೆ ಬಂದ ನರ್ಸಮ್ಮ ಇದ್ದಾರೆ. ನಮಸ್ಕಾರ ಹೇಳಿ ಮುಂದೆ ಹೋಗುತ್ತೀರಿ. ಸಾಲದು. ನಾಳೆ ಅವರ ಬಾಗಿಲು ತಟ್ಟಿ ಏಣಿ ಕೇಳಿ. ಶ್ಯಾವಿಗೆ ಮಾಡುವ ದಿನ ಅವರನ್ನೂ ಕರೆದು ಕೆಲಸಕ್ಕೆ ಹಚ್ಚಿ. ಎಳೆ ದಪ್ಪ ಬಂದರೆ ಬಾಯಿಬಿಟ್ಟು ಹೇಳಿ, ನಗಿ.

ಇನ್ನು ಇಲ್ಲಿ ಕೂತವರಲ್ಲಿ ಊರಿಗೆ ಹೊಸಬರು ಯಾರಾದರೂ ಇದ್ದರೆ, ಕರೆಯಲಿ ಎಂದು ಕಾಯಬೇಡಿ. ಇಂದು ಮನೆಗೆ ಹೋಗುವಾಗ ಪಕ್ಕದ ಬಾಗಿಲಲ್ಲಿ ಏನಾದರೂ ಸಣ್ಣದನ್ನು ಕೇಳಿ. ಕೊಟ್ಟರೆ ತೆಗೆದುಕೊಳ್ಳಿ. ತೀರಿಸಲು ಓಡಬೇಡಿ. ಸ್ವಲ್ಪ ದಿನ ಅವರ ಋಣದಲ್ಲೇ ಇರಿ.