ಸೊನ್ನೆಗೆ ನಿಂತ ಮುಳ್ಳು

ಹೊಸಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತೇಬಿಟ್ಟಿತ್ತು. ಗುರುದೇವಿಯ ಹಿಂದಿನ ಸೀಟಿನಲ್ಲಿ ಲೇತ್ ಕೆಲಸದವರಿಬ್ಬರು ಮಾತಾಡುತ್ತಿದ್ದರು. ಅವಳಿಗೆ ಲೇತಿನ ಗಂಧಗಾಳಿಯೂ ಇರಲಿಲ್ಲ. ಆದರೆ ಹಿರಿಯನ ದನಿ ಇದ್ದಕ್ಕಿದ್ದಂತೆ ತಗ್ಗಿದಾಗ ಅವಳ ಕಿವಿ ತಾನಾಗಿ ಅತ್ತ ಹೋಯಿತು.

“ಆ ದೊಡ್ಡ ಎರಕದ ಪೀಸನ್ನ ನಿನ್ನೆ ಯಾವ ಚಕ್ಕಲ್ಲಿ ಕಚ್ಚಿಸಿ ಹಿಡಿದೆ, ಶ್ರೀಶೈಲ?”

“ತ್ರೀ ಜಾನಲ್ಲೇ, ಕೊಟ್ರೇಶಣ್ಣ. ಮೂರು ದವಡೆನೂ ಒಟ್ಟಿಗೇ ಬಿಗಿಯುತ್ತೆ. ಫೋರ್ ಜಾ ಹಾಕಿದ್ರೆ ಒಂದೊಂದೇ ಜಾ ಬಿಗಿದು ಸೆಂಟರ್ ಮಾಡೋಷ್ಟರಲ್ಲಿ ಮಧ್ಯಾಹ್ನ ಆಗುತ್ತೆ.”

“ನಮ್ಮ ತ್ರೀ ಜಾ ಸವೆದು ಹೋಗಿದೆ ಕಣೋ. ಸೆಂಟರ್ ಹೆಂಗೆ ಬಂತು?”

“ಬರ್ಲಿಲ್ಲ. ಪೀಸು ತಿರುಗಿಸಿದ್ರೆ ಡಯಲ್ ಮುಳ್ಳು ಓಡಾಡ್ತಿತ್ತು. ಒಂದು ಜಾ ಕೆಳಗೆ ತಗಡಿನ ಚೂರು ಕೊಟ್ಟೆ, ಸೊನ್ನೆಗೆ ಬಂದು ನಿಂತ್ಕೊಂತು.”



“ಸೆಂಟರ್ ಬಂತು, ಸರಿ. ಹಿಡಿತ ಎಲ್ಲಿಂದ ಬರುತ್ತೆ? ತಗಡು ಜಾರಿದ್ರೆ ಪೀಸು ಹಾರುತ್ತೆ.”

“ಅದಕ್ಕೇ ನಿಧಾನಕ್ಕೆ ಓಡಿಸ್ದೆ. ಏನೂ ಆಗ್ಲಿಲ್ಲ.”

“ಬಿಚ್ಚಿಟ್ಟು ಬಂದ್ಯಾ?”

“ಇಲ್ಲ, ಫಿನಿಶಿಂಗ್ ಬಾಕಿ ಇತ್ತು. ಇವತ್ತು ಆ ಮಷಿನ್ನಿಗೆ ಫಕೀರೇಶ ನಿಲ್ತಾನೆ.”

“ತಗಡಿನ ವಿಷಯ ಅವನಿಗೆ ಹೇಳಿದ್ಯಾ?”

“‘ಸೆಂಟರ್ ಆಗಿದೆ’ ಅಂತ ಚಾಕ್‌ಪೀಸಲ್ಲಿ ಬರೆದಿಟ್ಟಿದೀನಿ.”

“ಅಷ್ಟೇನಾ?”

“ಅಷ್ಟೇ.”

“ಡಯಲ್ ಇಡ್ತಾನೆ, ಸೊನ್ನೆ ನೋಡ್ತಾನೆ, ಫಿನಿಶಿಂಗ್ ಅಂತ ಸ್ಪೀಡ್ ಏರಿಸ್ತಾನೆ. ಎಷ್ಟು ಹೊತ್ತಿಗೆ ಬರ್ತಾನೆ ಅವನು?”

“ಬರೋದೇನು ಅಣ್ಣ, ಅವನು ಶೆಡ್ಡಲ್ಲೇ ಮಲಗೋದು. ನಾವು ಹೋಗೋಷ್ಟರಲ್ಲಿ ಶುರು ಮಾಡಿರ್ತಾನೆ.”

“ಫೋನು?”

“ಶೆಡ್ಡಲ್ಲಿ ಫೋನೆಲ್ಲಿದೆ? ಅವನ ಹತ್ರನೂ ಇಲ್ಲ.”

“ಇಳಿ. ಇನ್ನೆರಡೇ ಸ್ಟಾಪು, ಓಡು!”

ಇಬ್ಬರೂ ಧುಮುಕಿ ಓಡತೊಡಗಿದರು. ಗುರುದೇವಿ ಕಿಟಕಿಯಿಂದ ತಲೆ ಹೊರಹಾಕಿ ನೋಡಿದಳು. ಅಷ್ಟರಲ್ಲಿ ಸಿಗ್ನಲ್ಲು ಹಸಿರಾಯಿತು. ಬಸ್ಸು ಮೊದಲು ಕೊಟ್ರೇಶನನ್ನು, ಆಮೇಲೆ ಶ್ರೀಶೈಲನನ್ನು ಹಿಂದೆ ಹಾಕಿ ಹೊರಟುಹೋಯಿತು.